ಕುಂಕುಮ ಹಚ್ಚಿದ ಕಾರ್ಡುಗಳು

ಫೋನು ನನ್ನ ಸೊಸೆಯ ಕ್ಲಾಸು ಉಳಿಸಿತು ಅಂತ ಮಂದಿ ಹೇಳುತ್ತಾರೆ. ಸುಳ್ಳು. ಬೇಕಾದ ಹೊತ್ತಿಗೆ ಫೋನು ಕೈಕೊಟ್ಟಿತು. ಅದು ಕೈಕೊಡಲಿಕ್ಕೆ ಕಾರಣ ನಾನು. ಕ್ಲಾಸು ಉಳಿಸಿಕೊಂಡವಳು ಅವಳೇ, ಅದೂ ಒಂದು ಮಾತೂ ಆಡದೆ.

ನಾನು ಓದಿದ್ದು ಮೂರನೇ ಇಯತ್ತೆ. ನಿಧಾನಕ್ಕೆ ಓದುತ್ತೇನೆ, ಬರೆಯುವುದು ಇನ್ನೂ ನಿಧಾನ. ಹಾಗಾದರೆ ಇದನ್ನು ಹೇಗೆ ಬರೆದಳು ಮುದುಕಿ ಅಂತ ಕೇಳಬೇಡಿ. ಫೋನಿನಲ್ಲಿ ಅಕ್ಷರ ಒತ್ತುವ ಜಾಗದಲ್ಲಿ ಒಂದು ಸಣ್ಣ ಮೈಕಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಮಾತಾಡಿದರೆ ಫೋನು ಬರೆದುಕೊಳ್ಳುತ್ತದೆ. ಸೊಸೆ ತೋರಿಸಿಕೊಟ್ಟಳು. ತಪ್ಪುಗಳನ್ನು ಆಮೇಲೆ ಅವಳೇ ತಿದ್ದುತ್ತಾಳೆ.

ನಮ್ಮ ಊರು ಗದಗಿನ ಕಡೆ. ಮಗ ನೌಕಾಪಡೆಯಲ್ಲಿದ್ದಾನೆ, ಹಾಗಾಗಿ ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ ಇದ್ದೇವೆ. ಅವನು ಹಡಗು ಹತ್ತಿದರೆ ಯಾವಾಗ ಇಳಿಯುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ನಾನು, ಸೊಸೆ, ಮೊಮ್ಮಗಳು. ಮೊಮ್ಮಗಳಿಗೆ ಕನ್ನಡ ನನ್ನ ಜೊತೆ ಮಾತ್ರ. ಕನಸೂ ತೆಲುಗಿನಲ್ಲೇ ಬೀಳುತ್ತದೆ ಅಂತ ಕಾಣುತ್ತದೆ, ನಿದ್ದೆಗಣ್ಣಿನಲ್ಲಿ ತೆಲುಗು ಮಾತಾಡುತ್ತಾಳೆ. ಸೊಸೆ ಹತ್ತಿರದ ಒಂದು ಶಾಲೆಯಲ್ಲಿ ಐದನೇ ಕ್ಲಾಸಿನ ಟೀಚರು. ಅವಳ ದನಿ ದೊಡ್ಡದು. ಶಾಲೆಯಲ್ಲಿ ಕೂಗಿ ಕೂಗಿ ಮನೆಗೆ ಬಂದರೂ ಅದೇ ದನಿ, ಉಪ್ಪು ಕೊಡಿ ಅಂದರೂ ಹಾಜರಿ ಕರೆದ ಹಾಗೆ.

ದಸರೆಯ ರಜೆಗೆ ವಿಜಯವಾಡಕ್ಕೆ ಹೋಗಿದ್ದೆವು. ಅಲ್ಲಿ ಭವಾನಿಪುರಂನಲ್ಲಿ ನನ್ನ ಮಗಳ ಮನೆ. ಒಂದು ಬೆಳಿಗ್ಗೆ ಸೊಸೆ ಏನೋ ಹೇಳಲಿಕ್ಕೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಮಗಳು ಅವಳನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ ಡಾಕ್ಟರು ಹೇಳಿದರಂತೆ: ದನಿ ಹೊರಡುವ ಜಾಗದಲ್ಲಿ ಗಂಟು ಕಟ್ಟಿದೆ, ಕೂಗಿದ್ದರ ಫಲ. ದೀಪಾವಳಿ ಕಳೆದು ಮತ್ತೆ ನೋಡುವವರೆಗೂ ಮಾತು ಬಂದ್. ಪಿಸುಗುಟ್ಟುವುದೂ ಬೇಡ, ಅದು ಇನ್ನೂ ಕೆಟ್ಟದ್ದು.

ಮಗಳು ಬಂದವಳೇ ನನಗೆ ಹೇಳಿದಳು, "ಯವ್ವಾ, ಇನ್ನ ನಿನ್ನ ರಾಜ್ಯ. ತಿರುಗಿ ಮಾತಾಡೋರಿಲ್ಲ."

"ನನಗೇನ ಜಗಳ ಆಡೂ ಹುಚ್ಚು ಐತೇನ?" ಅಂದೆ.

ಸೊಸೆ ಫೋನು ತೆಗೆದು ಏನೋ ಬರೆದಳು. ಫೋನು ಒಂದು ಹೆಣ್ಣಿನ ದನಿಯಲ್ಲಿ ಓದಿತು: "ಐತ್ರಿ ಅತ್ತಿ." ಬರೆದದ್ದು ನಮ್ಮ ಗದಗಿನ ಮಾತು, ಓದಿದ್ದು ಟಿವಿಯ ವಾರ್ತೆ ಓದುವವಳ ಹಾಗೆ. ಮಗಳು ನಕ್ಕು ನಕ್ಕು ಕೆಳಗೇ ಕೂತಳು.

ಹೀಗೆ ಬರೆದದ್ದನ್ನು ಓದುವ ಗುಣ ಫೋನಿನಲ್ಲಿ ಮೊದಲಿನಿಂದಲೂ ಇತ್ತಂತೆ, ಯಾರೂ ಹುಡುಕಿರಲಿಲ್ಲ. ವಿಶಾಖಪಟ್ಟಣಕ್ಕೆ ವಾಪಸು ಬರುವಾಗ ರೈಲಿನಲ್ಲಿ ಚಹಾ ಬೇಡ ಅನ್ನಲಿಕ್ಕೂ ಆ ವಾರ್ತೆಯವಳೇ ಬಂದಳು. ಸಂಜೆಗೆ ನನಗೆ ಅವಳ ಮೇಲೆ ಸಿಟ್ಟು ಬರಲಿಕ್ಕೆ ಶುರುವಾಯಿತು. ಜಗಳಕ್ಕೆ ಒಂದು ಉಸಿರು ಬೇಕು. ಇವಳಿಗೆ ಉಸಿರೇ ಇಲ್ಲ.

ರಜೆ ಮುಗಿದು ಶಾಲೆ ಶುರುವಾದ ದಿನ ಸೊಸೆ ಮುಖ ಸಣ್ಣ ಮಾಡಿಕೊಂಡು ಬಂದಳು. ಹೆಡ್ ಮೇಡಂ ಹೇಳಿದ್ದರಂತೆ: ಮಾತಿಲ್ಲದ ಟೀಚರು ಕ್ಲಾಸು ನಡೆಸುವುದು ಹೇಗೆ, ನಿನ್ನ ಐದನೇ ಕ್ಲಾಸನ್ನು ಬೇರೆಯವರಿಗೆ ಕೊಡುತ್ತೇನೆ, ನಡುವೆ ಮತ್ತೆ ಟೀಚರು ಬದಲಾಗುವುದು ಬೇಡ, ವರ್ಷ ಮುಗಿಯುವ ತನಕ ನೀನು ಆಫೀಸಿನಲ್ಲಿ ಕೂತು ಪುಸ್ತಕ ಜೋಡಿಸು. ಹೆಡ್ ಮೇಡಂ ಕೆಟ್ಟವರಲ್ಲ. ನನ್ನ ವಯಸ್ಸಿನವರು, ನನಗಿಂತ ಮೊಣಕಾಲು ಗಟ್ಟಿ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಸಂಬಳ ಹೋಗುತ್ತಿರಲಿಲ್ಲ. ಹೋಗುವುದು ಕ್ಲಾಸು. ಜೂನಿನಿಂದ ತಿದ್ದಿ ತೀಡಿದ ಮಕ್ಕಳನ್ನು ಅರ್ಧಕ್ಕೆ ಇನ್ನೊಬ್ಬರ ಕೈಗೆ ಕೊಡುವುದು ಅವಳಿಗೆ ಆಗುತ್ತಿರಲಿಲ್ಲ.

ಅವಳು ಅಳುತ್ತಾಳೆ ಅಂತ ಕಾದೆ. ಅಳಲಿಲ್ಲ. ವಾರ್ತೆಯವಳ ದನಿಯಲ್ಲಿ ಹೇಳಿದಳು: "ಒಂದು ವಾರ ಕೇಳಿಕೊಂಡೇನ್ರಿ. ಶನಿವಾರ ಮೇಡಂ ಹಿಂದಿನ ಬೆಂಚಿನ ಮ್ಯಾಲೆ ಬಂದು ಕೂಡ್ತಾರ. ಪಾಠ ನಡದರ ಕ್ಲಾಸ್ ನನ್ನದು. ಇಲ್ಲಂದರ ಇಲ್ಲ."

ಆ ವಾರ ನಾನು ಅವಳನ್ನು ನೋಡಿದಷ್ಟು ಅದಕ್ಕೆ ಮುಂಚಿನ ಹತ್ತು ವರ್ಷದಲ್ಲಿ ನೋಡಿರಲಿಲ್ಲ. ಹೊಗಳುವುದು ನನ್ನ ಚಾಳಿ ಅಲ್ಲ. ಆದರೂ ಇದ್ದದ್ದನ್ನು ಹೇಳಬೇಕು.

ಕ್ಲಾಸಿನ ಗೋಡೆಗೆ ಒಂದು ದೊಡ್ಡ ಟಿವಿ ಇತ್ತಂತೆ. ಯಾರೋ ಪುಣ್ಯಾತ್ಮರು ಶಾಲೆಗೆ ಕೊಟ್ಟದ್ದು. ಅದರ ರಿಮೋಟು ಪ್ಲಾಸ್ಟಿಕ್ ಕವರಿನ ಸಮೇತ ಹೆಡ್ ಮೇಡಂ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು, ಕೆಟ್ಟುಹೋದರೆ ಅನ್ನುವ ಹೆದರಿಕೆಗೆ. ಸೊಸೆ ಅದನ್ನು ಒಂದು ವಾರದ ಮಟ್ಟಿಗೆ ಬೇಡಿ ತಂದಳು. ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಒಂದು ಕರಿ ಚೌಕದ ಗುರುತು ಇರುತ್ತದೆ. ನಾನು ಅದನ್ನು ಅಚ್ಚಿನ ಮಸಿ ಚೆಲ್ಲಿದ್ದು ಅಂದುಕೊಂಡಿದ್ದೆ. ಅದಕ್ಕೆ ಫೋನು ಹಿಡಿದರೆ ಆ ಪಾಠದ ವಿಡಿಯೋ ಬರುತ್ತದೆ. ಸರ್ಕಾರದ್ದು, ಪುಕ್ಕಟೆ. ಪ್ರತಿಯೊಂದನ್ನೂ ಮೊದಲು ತಾನು ಪೂರಾ ನೋಡುತ್ತಿದ್ದಳು. ಹತ್ತರಲ್ಲಿ ಎಂಟು ಬಿಸಾಡುತ್ತಿದ್ದಳು. ಉಳಿದದ್ದರಲ್ಲೂ ಬೇಕಾದ ತುಂಡು ಎರಡು ನಿಮಿಷ. ಅದನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳುವುದು, ಪಾಠದ ಹೆಸರು ಕೊಟ್ಟು ಇಡುವುದು. ಶಾಲೆಯ ನೆಟ್ಟು ನಂಬಿ ಹೋಗಬಾರದಂತೆ, ನಲವತ್ತು ಮಕ್ಕಳ ಎದುರು ಚಕ್ರ ತಿರುಗುವುದನ್ನು ನೋಡುತ್ತಾ ನಿಂತರೆ ಕ್ಲಾಸು ಕೈಬಿಟ್ಟಿತು.

"ಪೂರಾ ತೋರಸಬಾರದೇನ? ಹುಡುಗರು ಸುಮ್ಮ ಕೂಡ್ತಾವ," ಅಂದೆ.

"ಸುಮ್ಮ ಕೂಡಾಕ ಶಾಲಿ ಯಾಕ ಬೇಕ್ರಿ ಅತ್ತಿ," ಅಂದಳು ವಾರ್ತೆಯವಳು.

ಟಿವಿಯ ಮೇಲೆ ಬರಬೇಕಾದ ಮಾತುಗಳನ್ನು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಬರೆಯುತ್ತಿದ್ದಳು. ತೆಲುಗಿನ ಅಕ್ಷರ ನಮ್ಮ ಅಕ್ಷರದ ತಂಗಿ ಇದ್ದ ಹಾಗೆ, ನಾನೂ ಕೂಡಿಸಿ ಓದುತ್ತೇನೆ. ಅವಳು ನನ್ನನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಆಚೆ ಗೋಡೆಯ ಟಿವಿಯಲ್ಲಿ ತೋರಿಸಿ, ಓದಿರಿ ಅಂತ ಕೈಸನ್ನೆ ಮಾಡುತ್ತಿದ್ದಳು. ಕಣ್ಣು ಕಿರಿದು ಮಾಡಿದರೆ ಅಕ್ಷರ ದೊಡ್ಡದು ಮಾಡುವಳು. ನನಗೆ ಬೇಸರ ಬಂದು ಅರ್ಧಕ್ಕೆ ಬಿಟ್ಟರೆ ಬರೆದದ್ದನ್ನು ಕತ್ತರಿಸುವಳು. ಕಡೆಗೆ ಒಂದು ಸಲಕ್ಕೆ ಒಂದೇ ಸಾಲು ಉಳಿಯುತ್ತಿತ್ತು.

ಎಲ್ಲ ಉಪಾಯವೂ ಗೆದ್ದವು ಅಂತ ಹೇಳುವುದಿಲ್ಲ. ಪುಸ್ತಕ ತೆಗೆಯಿರಿ, ಸಾಲಾಗಿ ಬನ್ನಿ ಅಂತ ಫೋನಿನಿಂದಲೇ ತೆಲುಗಿನಲ್ಲಿ ಹೇಳಿಸಿದಳು. ಮಕ್ಕಳಿಗೆ ಅದು ರೈಲ್ವೆ ಸ್ಟೇಷನ್ನಿನ ದನಿಯ ಹಾಗೆ ಕೇಳಿತು. ಒಬ್ಬ ಎದ್ದು ನಿಂತು, ವಿಜಯವಾಡಕ್ಕೆ ಹೋಗುವ ಗಾಡಿ ಒಂದನೇ ಬೆಂಚಿಗೆ ಬರುತ್ತಿದೆ ಅಂದನಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಅದು ಬಂದ್. ಪುಸ್ತಕದ ಚಿತ್ರ, ಪೆನ್ಸಿಲಿನ ಚಿತ್ರ, ಕಿವಿಯ ಚಿತ್ರ, ಅಷ್ಟೇ ತೋರಿಸುವುದು. ಇನ್ನೊಂದು ಇತ್ತು, ಗಲಾಟೆ ಅಳೆಯುವುದು. ಸದ್ದು ಹೆಚ್ಚಾದರೆ ಟಿವಿಯ ಮೇಲೆ ಒಂದು ಪಟ್ಟಿ ಮೇಲೇರಿ ಕೆಂಪಾಗುತ್ತದೆ. ಅದನ್ನು ಕೆಂಪು ಮಾಡಲಿಕ್ಕೆಂದೇ ಮಕ್ಕಳು ಗಂಟಲು ಹರಿದುಕೊಂಡರು. ಅದೂ ಬಂದ್. ಅವಳಲ್ಲಿ ನನಗೆ ಹಿಡಿಸಿದ್ದು ಇದು. ತಾನು ಕಷ್ಟಪಟ್ಟು ಕಲಿತದ್ದು ಅಂತ ಯಾವುದಕ್ಕೂ ಜೋತುಬೀಳಲಿಲ್ಲ.

ಗೆದ್ದದ್ದು ಆನೆ. ಹೋದ ವರ್ಷ ವಿಜಯವಾಡಕ್ಕೆ ಹೋದಾಗ ಕೊಂಡಪಲ್ಲಿಯಿಂದ ಮರದ ಆನೆ ತಂದಿದ್ದೆವು, ಮೇಲೆ ಅಂಬಾರಿ. ಶೋಕೇಸಿನಲ್ಲಿ ಧೂಳು ತಿನ್ನುತ್ತಿತ್ತು. ಸೊಸೆ ಪುಸ್ತಕಗಳ ಗುಡ್ಡೆ ಮಾಡಿ, ಫೋನಿನ ಕ್ಯಾಮೆರಾ ಗುಡ್ಡೆಯಿಂದ ಹೊರಗೆ ಚಾಚಿ ಕೆಳಗೆ ನೋಡುವ ಹಾಗೆ ಮಲಗಿಸಿ, ಬೀಳದ ಹಾಗೆ ಫೋನಿನ ಇನ್ನೊಂದು ತುದಿಯ ಮೇಲೆ ಆನೆಯನ್ನು ಹೇರಿದಳು. ಫೋನಿನಿಂದ ಟಿವಿಗೆ ಒಂದು ತಂತಿ. ಕೆಳಗೆ ಅವಳು ಕಾಗದದ ಮೇಲೆ ಲೆಕ್ಕ ಬಿಡಿಸಿದರೆ ಅವಳ ಕೈ, ಪೆನ್ನು, ಅಂಕಿ ಎಲ್ಲ ಟಿವಿಯಲ್ಲಿ ಮಂಚದಷ್ಟು ದೊಡ್ಡದು. ಇದಕ್ಕೆಂದೇ ಸಾವಿರಾರು ರೂಪಾಯಿಯ ಯಂತ್ರ ಮಾರುತ್ತಾರಂತೆ. ನಮ್ಮದಕ್ಕೆ ಆನೆ ಸಾಕಾಯಿತು. ತಂತಿ ಹಾಕುವ ಮುಂಚೆ ಮೆಸೇಜು ಬರದ ಹಾಗೆ ಫೋನಿನ ನೆಟ್ಟು ಬಂದ್ ಮಾಡುತ್ತಿದ್ದಳು. ಮಂಗಳವಾರ ಮರೆತಿದ್ದಳು, ನಾನು ಮೈಕು ಒತ್ತಿ ಕಳಿಸಿದ "ಹಾಲು ಒಡದೈತಿ, ಬರುವಾಗ ತಾ" ಅನ್ನುವುದು ಭೂಗೋಳದ ಪಾಠದ ಮೇಲೆ ಬಂದು ಕೂತಿತ್ತು.

ಇನ್ನೊಂದು ಉಪಾಯವೇ ಕಾರ್ಡು. ಅದಕ್ಕೆ ಮೊದಲು ಒಂದು ವಿಷಯ ಹೇಳಬೇಕು. ಇಲ್ಲಿನ ಶಾಲೆಯಲ್ಲಿ ಟೀಚರು "ಅರ್ಥಮಯಿಂದಾ?" ಅಂತ ಕೇಳಿದರೆ ಇಡೀ ಕ್ಲಾಸು "ಅಯಿಂದಿ ಟೀಚರ್" ಅಂತ ರಾಗ ಎಳೆಯುತ್ತದೆ. ತಿಳೀತಾ, ತಿಳೀತು. ನಮ್ಮೂರಲ್ಲೂ ಇದೇ. ತಿಳಿದವರು ನಾಲ್ಕು ಜನ, ರಾಗ ಎಲ್ಲರದು. ಕೇಳುವ ದನಿಯೇ ಇಲ್ಲದ ಮೇಲೆ ಆ ರಾಗವೂ ನಿಂತಿತು. ಯಾರಿಗೆ ತಿಳಿದಿದೆ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ?

ಅವಳು ನೆಟ್ಟಿನಿಂದ ಪುಕ್ಕಟೆ ಕಾರ್ಡು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದಳು. ಒಂದೊಂದು ಮಗುವಿಗೆ ಒಂದೊಂದು ಕಾರ್ಡು, ಒಂದೊಂದರ ಮೇಲೂ ಬೇರೆ ಬೇರೆ ಕರಿ ಚೌಕಗಳ ಚಿತ್ತಾರ. ಕಾರ್ಡಿನ ನಾಲ್ಕು ಅಂಚಿಗೆ ನಾಲ್ಕು ಸಣ್ಣ ಅಕ್ಷರ. ಟಿವಿಯಲ್ಲಿ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡು ತಿರುಗಿಸಿ ಹಿಡಿಯಬೇಕು. ಟೀಚರು ಫೋನನ್ನು ಕ್ಲಾಸಿನ ಮೇಲೆ ಒಮ್ಮೆ ಆಡಿಸಿದರೆ, ಯಾರದು ಸರಿ ಯಾರದು ತಪ್ಪು ಅಂತ ಫೋನು ಹೆಸರಿನ ಸಮೇತ ತೋರಿಸುತ್ತದೆ. ಮಕ್ಕಳ ಕೈಯಲ್ಲಿ ಫೋನು ಬೇಡ. ಪಕ್ಕದವನ ಕಾರ್ಡು ನೋಡಿ ಕದಿಯಲಿಕ್ಕೂ ಬರುವುದಿಲ್ಲ, ಅವನ ಚಿತ್ತಾರವೇ ಬೇರೆ.

ವಿಜಯವಾಡದಲ್ಲಿ ಅಳಿಯನ ತಂಗಿಯ ಮದುವೆಯದು ದಪ್ಪ ದಪ್ಪ ಲಗ್ನಪತ್ರಿಕೆ ಒಂದು ಡಬ್ಬಿ ಉಳಿದಿದ್ದವು. ಗಟ್ಟಿ ರಟ್ಟು, ಬಿಸಾಡಲಿಕ್ಕೆ ಮನಸ್ಸಾಗದೆ ನಾನು ಹೊತ್ತು ತಂದಿದ್ದೆ. ಪ್ರಿಂಟು ಹಾಕಿದ ಕಾಗದವನ್ನು ಅದರ ಖಾಲಿ ಮಗ್ಗುಲಿಗೆ ಅಂಟಿಸಿದೆವು. ಗುರುವಾರ ನಾನೂ ಮೊಮ್ಮಗಳೂ ಕಾರ್ಡು ಹಿಡಿದು ನಿಂತೆವು, ಸೊಸೆ ಫೋನು ಆಡಿಸಿದಳು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ನನ್ನದು ತಪ್ಪು ಅಂತ ತೋರಿಸಿತು.

"ಅಜ್ಜಿ ಫೇಲ್," ಅಂತ ಮೊಮ್ಮಗಳು ಕುಣಿದಳು.

ಅಷ್ಟು ಚೆನ್ನಾಗಿ ನಡೆಯುತ್ತಿದ್ದರೂ ಸೊಸೆ ಮಕ್ಕಳಿಗೆ ಇನ್ನೊಂದನ್ನೂ ರೂಢಿ ಮಾಡಿಸಿದ್ದಳು. ಬೆರಳು. ಒಂದನೇ ಉತ್ತರಕ್ಕೆ ಒಂದು ಬೆರಳು, ಎರಡನೆಯದಕ್ಕೆ ಎರಡು, ಹೀಗೆ. ಮೇಲೆತ್ತುವಂತಿಲ್ಲ, ಎದೆಗೆ ಅಂಟಿಸಿ ಹಿಡಿಯಬೇಕು, ಪಕ್ಕದವರಿಗೆ ಕಾಣಬಾರದು, ಎದುರಿನ ಟೀಚರಿಗೆ ಕಾಣಬೇಕು. ಒಂದು ಫೋಟೋ ತೆಗೆದುಕೊಂಡರೆ ಮನೆಗೆ ಬಂದು ಒಬ್ಬೊಬ್ಬರದೂ ನೋಡಬಹುದು.

"ಒಂದ ಕೆಲಸಕ್ಕ ಎರಡೆರಡು ಯಾಕ? ಮಾಡಾಕ ಬ್ಯಾರೆ ಕೆಲಸ ಇಲ್ಲೇನ?" ಅಂದೆ.

"ಕರೆಂಟ್ ಹೋದರ ನಾ ಏನ್ ಕೂಗಲ್ರಿ?" ಅಂತ ಬರೆದು ತೋರಿಸಿದಳು.

ಶುಕ್ರವಾರ ಸಂಜೆ ದೀಪ ಹಚ್ಚಿದೆ. ಸೊಸೆ ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಕಾರ್ಡುಗಳು ಮೇಜಿನ ಮೇಲೆ ಇದ್ದವು. ಹೊಸ ಸೀರೆಯಾಗಲಿ, ಹೊಸ ಪಾಟಿಯಾಗಲಿ, ಹೊಸ ಮಿಕ್ಸರೇ ಆಗಲಿ, ಅರಿಶಿಣ ಕುಂಕುಮ ಹಚ್ಚದೆ ನಾನು ಬಳಸಿದವಳಲ್ಲ. ಮಗನ ಹೊಸ ಬೈಕಿನ ದೀಪಕ್ಕೂ ಹಚ್ಚಿದ್ದೇನೆ. ಇದಂತೂ ವಿದ್ಯೆಯ ವಸ್ತು, ನಾಳೆ ಹೋಗುವುದು ದೊಡ್ಡ ಕೆಲಸಕ್ಕೆ. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದೆ. ಕರಿ ಚೌಕಗಳ ನಡುವೆ ಬಿಳಿ ಜಾಗ ಖಾಲಿ ಇತ್ತು, ಹಣೆ ಇದ್ದ ಹಾಗೆ. ಅಲ್ಲಿ ಕುಂಕುಮ ಇಟ್ಟೆ. ನೀರು ಹಾಕಿ ಕಲಸಿದ ಕುಂಕುಮ, ದುಂಡಗೆ, ಕೈ ಹಿಡಿಯದೆ. ಅವಳು ಬೆಂಚಿಗೊಂದರಂತೆ ವಿಂಗಡಿಸಿಟ್ಟ ಹಾಗೇ, ಚಿತ್ತಾರ ಕೆಳಗೆ ಮಾಡಿ, ಒಂದರ ಮೇಲೊಂದು ಇಟ್ಟು ದಾರ ಕಟ್ಟಿ ಅವಳ ಚೀಲದಲ್ಲಿ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಅನಿಸಿತ್ತು, ಅದಕ್ಕೇ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಎರಡು ಜೋಳದ ರೊಟ್ಟಿ ಕೇಳಿದಳು. ಎರಡೂ ಒಂದೇ ಅಳತೆ ಇರಬೇಕು, ಮೆತ್ತಗಿರಬೇಕು. ನಾನು ತಟ್ಟಿದ ರೊಟ್ಟಿಗೆ ಅಳತೆ ಹೇಳಿಕೊಡುವವಳು ಇನ್ನೂ ಹುಟ್ಟಿಲ್ಲ, ಆದರೂ ಬೇಕೆಂದೇ ಒಂದರ ಮೇಲೆ ಒಂದಿಟ್ಟು ತೋರಿಸಿದೆ. ಸಾಮಾನು ಬಹಳ ಇತ್ತು. ಆನೆ, ತಂತಿ, ರೊಟ್ಟಿ ಡಬ್ಬಿ, ಕಾರ್ಡು. ಹೊರಲಿಕ್ಕೆ ನಾನೂ ಆಟೋದಲ್ಲಿ ಹೋದೆ. ಕ್ಲಾಸಿನ ಬಾಗಿಲಲ್ಲಿ ಚೀಲ ಇಟ್ಟು ಹೊರಡಬೇಕು, ಹೆಡ್ ಮೇಡಂ ಬಂದರು. ನನ್ನನ್ನು ನೋಡಿ, "ಕೂರ್ಚೋಂಡಿ ಅಮ್ಮಾ," ಅಂತ ತಮ್ಮ ಪಕ್ಕದಲ್ಲೇ ಹಿಂದಿನ ಬೆಂಚಿನಲ್ಲಿ ಕೂಡಿಸಿಕೊಂಡರು. ಇಬ್ಬರು ಮುದುಕಿಯರು ಮೊಣಕಾಲು ಮಡಚಲಾರದೆ ಅಡ್ಡ ಕೂತೆವು.

ಪಾಠ ಭಿನ್ನರಾಶಿಯದು. ಸೊಸೆ ಬೆಂಚಿಗೊಂದು ಕಟ್ಟು ಕಾರ್ಡು ಕೊಟ್ಟಳು, ಮಕ್ಕಳೇ ದಾರ ಬಿಚ್ಚಿ ಹಂಚಿಕೊಂಡರು. ಕುಂಕುಮ ನೋಡಿ ಮಕ್ಕಳು ಕಾರ್ಡನ್ನು ಕಣ್ಣಿಗೊತ್ತಿಕೊಂಡರು. ಮೇಡಂ ನನ್ನ ಕಡೆ ಬಗ್ಗಿ, "ಪೂಜ ಚೇಸಾರಾ?" ಅಂದರು. ಹೌದು, ನಾನೇ ಮಾಡಿದ್ದು ಅಂತ ತಲೆ ಆಡಿಸಿದೆ.

ಟಿವಿಯಲ್ಲಿ ಪ್ರಶ್ನೆ ಬಂತು. ಮೂರರಲ್ಲಿ ಒಂದು ಪಾಲು, ನಾಲ್ಕರಲ್ಲಿ ಒಂದು ಪಾಲು, ಯಾವುದು ದೊಡ್ಡದು? ಓದಿಯಾದ ಮೇಲೆ ಸೊಸೆ ಫೋನಿನ ತಂತಿ ಕಳಚಿದಳು, ಮಕ್ಕಳು ಕಾರ್ಡು ಎತ್ತಿದರು. ಸೊಸೆ ಫೋನು ಆಡಿಸಿದಳು. ಮತ್ತೆ ಆಡಿಸಿದಳು. ಹತ್ತಿರ ಹೋಗಿ ಆಡಿಸಿದಳು. ಮೂರೋ ನಾಲ್ಕೋ ಹೆಸರು ಬಂತಂತೆ, ಉಳಿದವರು ಫೋನಿಗೆ ಇಲ್ಲವೇ ಇಲ್ಲ. ಮಕ್ಕಳ ಕೈ ನೋಯಲಿಕ್ಕೆ ಹತ್ತಿತು, ಹಿಂದಿನವರು ಪಿಸಪಿಸ ಶುರು ಮಾಡಿದರು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅದು ಒಳ್ಳೆಯ ಲಕ್ಷಣ ಅಲ್ಲ ಅಂತ ನನಗೂ ಗೊತ್ತಾಯಿತು.

ಸೊಸೆ ಮುಂದಿನ ಬೆಂಚಿನಿಂದ ಒಂದು ಕಾರ್ಡು ತೆಗೆದುಕೊಂಡು ನೋಡಿದಳು. ಬಿಳಿ ಜಾಗದಲ್ಲಿ ನನ್ನ ಕುಂಕುಮ ಒಣಗಿ ಕಪ್ಪಗಾಗಿತ್ತು. ಹಸಿ ಇದ್ದಾಗ ಒಂದರ ಮೇಲೊಂದು ಇಟ್ಟಿದ್ದಕ್ಕೆ ಅತ್ತಿತ್ತ ಮೆತ್ತಿಕೊಂಡು ಚಿತ್ತಾರವೇ ಕೆಟ್ಟಿತ್ತು. ಅವಳು ತಲೆ ಎತ್ತಿ ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ನೋಡಿದಳು. ನಾನು ಟಿವಿ ನೋಡಿದೆ.

ಇನ್ನೊಬ್ಬಳಾಗಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ನಾನಾಗಿದ್ದರೆ ಫೋನು ಎತ್ತಿ ಒಗೆಯುತ್ತಿದ್ದೆ. ಅವಳು ಕಾರ್ಡನ್ನು ಆ ಮಗುವಿಗೆ ವಾಪಸು ಕೊಟ್ಟು, ಎಲ್ಲ ಕೆಳಗಿಡಿ ಅಂತ ಕೈಸನ್ನೆ ಮಾಡಿ, ತನ್ನ ಎದೆಗೆ ಅಂಗೈ ಅಂಟಿಸಿ ತೋರಿಸಿದಳು. ಅಷ್ಟೇ. ನಲವತ್ತು ಕೈ ನಲವತ್ತು ಎದೆಗೆ ಬಂದವು. ಒಂದು ಸದ್ದಿಲ್ಲ. ಅವಳು ಫೋಟೋ ತೆಗೆದಳು. ಆದರೆ ತಂತಿ ಹಾಕಿ ಅದನ್ನು ಟಿವಿಯಲ್ಲಿ ತೋರಿಸಲಿಲ್ಲ. ಯಾರ ತಪ್ಪನ್ನೂ ಯಾರೂ ನೋಡುವಂತಿಲ್ಲ. ಫೋನನ್ನು ಹಿಂದಕ್ಕೆ ತಂದು ಮೇಡಂ ಕೈಗೆ ಕೊಟ್ಟಳು.

ನಾನೂ ಬಗ್ಗಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡು ಬೆರಳು ಇಟ್ಟಿದ್ದರು. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ ನಾಲ್ಕರಲ್ಲಿ ಒಂದೇ ದೊಡ್ಡದು ಅಂತ. ತಪ್ಪು. ನಿತ್ಯ "ಅಯಿಂದಿ ಟೀಚರ್" ಅನ್ನುವ ಜಾಣರೂ ಅದರಲ್ಲಿ ಇದ್ದರಂತೆ. ತನ್ನ ಕ್ಲಾಸು ಹೋಗುತ್ತದೋ ಉಳಿಯುತ್ತದೋ ಅನ್ನುವ ದಿನ, ತನ್ನ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದನ್ನು ತಾನೇ ಒಯ್ದು ಮೇಡಂ ಕೈಗೆ ಕೊಟ್ಟಳಲ್ಲ, ಆ ಧೈರ್ಯ ನನಗೆ ಎಂದೂ ಇರಲಿಲ್ಲ.

ಆಮೇಲೆ ಆನೆ ಫೋನಿನ ಮೇಲೆ ಕೂತಿತು. ಕೆಳಗೆ ನನ್ನ ರೊಟ್ಟಿ. ಟಿವಿಯ ತುಂಬ ರೊಟ್ಟಿ, ಅದರ ಒಂದೊಂದು ಕಪ್ಪು ಚುಕ್ಕೆಯೂ ಕಾಣುತ್ತಿತ್ತು. ಅವಳು ಕತ್ತರಿಯಿಂದ ಒಂದನ್ನು ಮೂರು ಸಮ ಪಾಲು ಮಾಡಿದಳು, ಇನ್ನೊಂದನ್ನು ನಾಲ್ಕು. ಎರಡರಿಂದಲೂ ಒಂದೊಂದು ತುಂಡು ತೆಗೆದು, ಒಂದರ ಮೇಲೆ ಒಂದು ಇಟ್ಟಳು. ಕೆಳಗಿನದು ಹೊರಗೆ ಇಣುಕುತ್ತಿತ್ತು. ನಡುಬೆಂಚಿನ ಒಂದು ಹುಡುಗಿ ತೆಲುಗಿನಲ್ಲಿ, ಹೆಚ್ಚು ಜನ ಬಂದರೆ ಎಲ್ಲರಿಗೂ ಕಮ್ಮಿ ರೊಟ್ಟಿ ಅಂದಳು. ನಮ್ಮನೆಗೂ ಹಂಗೇ, ನೆಂಟರು ಬಂದರೆ, ಅಂದ ಇನ್ನೊಬ್ಬ. ಕ್ಲಾಸಿಗೆ ಕ್ಲಾಸೇ ಮಾತಾಡಲಿಕ್ಕೆ ಹತ್ತಿತು. ಸೊಸೆ ಸುಮ್ಮನೆ ನಿಂತು ಕೇಳಿದಳು. ಮಾತಾಡುವ ಹಾಗಿದ್ದರೆ ಅವಳೇ ಹೇಳಿಬಿಡುತ್ತಿದ್ದಳು, ನನಗೆ ಗೊತ್ತು.

ಮತ್ತೊಂದು ಪ್ರಶ್ನೆ ಹಾಕಿದಳು, ಐದರಲ್ಲಿ ಒಂದು, ಆರರಲ್ಲಿ ಒಂದು. ಬೆರಳು ಎದೆಗೆ ಬಂದವು. ಮತ್ತೆ ಫೋಟೋ, ಮತ್ತೆ ಮೇಡಂ ಕೈಗೆ. ಈ ಸಲ ಬೆರಳುಗಳು ತಿರುಗಿಬಿದ್ದಿದ್ದವು. ಕಿಟಕಿಯ ಪಕ್ಕದ ಒಬ್ಬ ಹುಡುಗಿಯದು ಮಾತ್ರ ಇನ್ನೂ ತಪ್ಪು. ಸೊಸೆ ಟಿವಿ ಆರಿಸಿ, ಉಳಿದ ರೊಟ್ಟಿ ತುಂಡು ಹಿಡಿದುಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತಳು. ಬೆಲ್ಲು ಹೊಡೆದರೂ ಇಬ್ಬರೂ ಏಳಲಿಲ್ಲ.

ಹೊರಗೆ ವರಾಂಡದಲ್ಲಿ ಮೇಡಂ ತೆಲುಗಿನಲ್ಲಿ ಕೇಳಿದರು, "ನಾನು ಬಂದು ಕೂತರೆ ಎಲ್ಲರೂ ಮಕ್ಕಳಿಗೆ ಗೊತ್ತಿರುವುದನ್ನೇ ಕೇಳುತ್ತಾರೆ. ನೀನೇಕೆ ಗೊತ್ತಿಲ್ಲದ್ದನ್ನು ಕೇಳಿದೆ?"

ಸೊಸೆ ಫೋನಿನಲ್ಲಿ ಬರೆದಳು. ಸ್ಟೇಷನ್ನಿನ ದನಿ ತೆಲುಗಿನಲ್ಲಿ ಹೇಳಿತು: "ಗೊತ್ತಿರುವುದನ್ನು ಕೇಳಲಿಕ್ಕೆ ಟೀಚರು ಏಕೆ ಬೇಕು ಮೇಡಂ."

ಮೇಡಂ ನಕ್ಕರು. ಮಾತಿಗೋ, ಸ್ಟೇಷನ್ನಿಗೋ ತಿಳಿಯಲಿಲ್ಲ. ಆಮೇಲೆ ಹೇಳಿದರು, "ಕ್ಲಾಸು ನಿನ್ನದೇ. ರಿಮೋಟೂ ನಿನ್ನ ಹತ್ತಿರವೇ ಇರಲಿ. ಸೋಮವಾರ ಟೀ ಹೊತ್ತಿಗೆ ಉಳಿದ ಟೀಚರುಗಳಿಗೂ ತೋರಿಸು. ಮೊದಲು ಬೆರಳು, ಆಮೇಲೆ ಆನೆ. ಆ ಕಾರ್ಡುಗಳನ್ನು ಫೋನು ಓದದೆ ಇದ್ದದ್ದು ಯಾಕೆ?"

ನಾನು ಚೀಲ ಎತ್ತಿಕೊಂಡೆ. ಸೊಸೆ ಬರೆದಳು. ಫೋನು ಹೇಳಿತು: "ಪ್ರಿಂಟು ಸರಿ ಬಂದಿಲ್ಲ ಮೇಡಂ."

ಆಟೋದಲ್ಲಿ ಕೂತ ಮೇಲೆ ಜಗಳಕ್ಕೆ ಕಾದೆ. ಅವಳು ಸಮುದ್ರದ ಕಡೆ ನೋಡುತ್ತಾ ಕೂತಳು. ತಡೆಯಲಾರದೆ ನಾನೇ ಅಂದೆ, "ಏನರ ಅನ್ನಬಾರದ?"

ಅವಳು ಬರೆದಳು. ವಾರ್ತೆಯವಳು ಓದಿದಳು: "ಅತ್ತಿ, ಫೋನಿನ ಕಣ್ಣಿಗೆ ಕರಿ ಮಸಿನೂ ಒಂದ, ಒಣಗಿದ ಕುಂಕುಮನೂ ಒಂದ." ಆಟೋದವನು ಯಾರು ಮಾತಾಡಿದರು ಅಂತ ಹಿಂದೆ ತಿರುಗಿ ನೋಡಿದ.

"ಅದಕ್ಕ ದೇವರ ಭಯ ಇಲ್ಲ," ಅಂದೆ.

ಸೊಸೆಯ ಭುಜ ಕುಣಿದವು, ಬಾಯಿ ಗಟ್ಟಿ ಮುಚ್ಚಿಕೊಂಡು ನಗುತ್ತಿದ್ದಳು. ನಗುವುದಕ್ಕೂ ಡಾಕ್ಟರು ಬೇಡ ಅಂದಿದ್ದರು. ನಿನ್ನ ಗಂಟಲು ಹಾಳಾದರೆ ನನ್ನ ಮೇಲೆ ಬರುತ್ತದೆ, ಸುಮ್ಮನಿರು ಅಂತ ಬೈದೆ.

ಮರುದಿನ ಭಾನುವಾರ. ಎಲ್ಲರಿಗಿಂತ ಮೊದಲು ಎದ್ದೆ. ಯಾವುದನ್ನೇ ಆಗಲಿ ಎರಡೆರಡು ಮಾಡುವ ಸೊಸೆ ಪ್ರಿಂಟನ್ನೂ ಇನ್ನೊಂದು ಜೊತೆ ಹಾಕಿಸಿ ಡ್ರಾಯರಿನಲ್ಲಿ ಇಟ್ಟಿದ್ದಳು. ಮೈದಾ ಕಾಯಿಸಿ ಅಂಟು ಮಾಡಿ, ಉಳಿದ ಲಗ್ನಪತ್ರಿಕೆಗಳಿಗೆ ಒಂದೊಂದಾಗಿ ಅಂಟಿಸಿದೆ. ಕರಿ ಚೌಕಗಳ ಕಡೆ ಬೆರಳು ಒಯ್ಯಲಿಲ್ಲ. ತಿರುಗಿಸಿ, ಹಿಂದೆ ಮದುಮಕ್ಕಳ ಹೆಸರು ಬಂಗಾರದ ಬಣ್ಣದಲ್ಲಿ ಇದ್ದ ಜಾಗದ ಮೇಲೆ ಕುಂಕುಮ ಇಟ್ಟೆ. ಹಾಸಿಗೆಯ ಮೇಲೆ ಹರಡಿ ಫ್ಯಾನು ಹಾಕಿ, ಪೂರಾ ಒಣಗಿದ ಮೇಲೆಯೇ ಒಂದರ ಮೇಲೊಂದು ಜೋಡಿಸಿದೆ.